ಮೊದಲ ಹೆರಿಗೆಯ ತೀರ್ಮಾನ: ಕರ್ನಾಟಕದ ಪ್ರಸೂತಿ ತಜ್ಞರಿಗೆ ಒಂದು ಬಹಿರಂಗ ಪತ್ರ



ಹೆರಿಗೆಯ ಹೊತ್ತಿನಲ್ಲಿ ತಾಯಿಯ ಅಥವಾ ಮಗುವಿನ ಜೀವಕ್ಕೆ ಕುತ್ತು ಬಂದಾಗ ಹೊಟ್ಟೆಯನ್ನೂ ಗರ್ಭಕೋಶವನ್ನೂ ಕೊಯ್ದು ಮಗುವನ್ನು ಹೊರತೆಗೆಯುವ ಸಿಸೇರಿಯನ್ ಶಸ್ತ್ರಚಿಕಿತ್ಸೆಯು ಆಧುನಿಕ ವೈದ್ಯಕೀಯದ ದೊಡ್ಡ ಗಳಿಕೆಗಳಲ್ಲಿ ಒಂದು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಜರ್ಮನಿಯ ಮ್ಯಾಕ್ಸ್ ಸೆಂಗರ್ 1882ರಲ್ಲಿ ಗರ್ಭಕೋಶದ ಗಾಯವನ್ನು ಕ್ರಮಬದ್ಧವಾಗಿ ಹೊಲಿಯುವ ವಿಧಾನವನ್ನು ಪ್ರಕಟಿಸುವವರೆಗೆ ಬಹುಪಾಲು ತಾಯಂದಿರನ್ನು ಬಲಿತೆಗೆದುಕೊಳ್ಳುತ್ತಿದ್ದ ಈ ಕ್ರಿಯೆ, ಅರಿವಳಿಕೆ, ರಕ್ತಪೂರಣ ಮತ್ತು ಆ್ಯಂಟಿಬಯಾಟಿಕ್‌ಗಳು ಕೈಗೆ ಬಂದ ಮೇಲೆ ತಾಲ್ಲೂಕು ಕೇಂದ್ರದಲ್ಲೂ ನಡೆಯಬಲ್ಲಷ್ಟು ಸುರಕ್ಷಿತವಾಯಿತು. ಆದರೆ ಕ್ರಿಯೆ ಸುಲಭವಾದಷ್ಟೂ ಅದನ್ನು ಯಾರಿಗೆ, ಯಾವಾಗ ಮಾಡಬೇಕೆಂಬ ವಿವೇಚನೆ ಕಷ್ಟವಾಗುತ್ತ ಬಂದಿದೆ. ಈ ಪತ್ರದ ಕೋರಿಕೆ ಎರಡೇ: ರಾಜ್ಯದ ಪ್ರತಿ ಹೆರಿಗೆ ಆಸ್ಪತ್ರೆಯೂ ತಾನು ಮಾಡಿದ ಸಿಸೇರಿಯನ್‌ಗಳನ್ನು ತಾಯಂದಿರ ಗುಂಪುವಾರು ಎಣಿಸಿ ಪ್ರತಿ ವರ್ಷ ಪ್ರಕಟಿಸಬೇಕು; ಚೊಚ್ಚಲ ಹೆರಿಗೆಗೆ ಅದಕ್ಕೆ ಸಲ್ಲಬೇಕಾದ ಕಾಲ, ಆರೈಕೆ ಮತ್ತು ಆಸರೆ ಸಿಗುವ ಏರ್ಪಾಡು ಮಾಡಬೇಕು.

ಜಗತ್ತಿನ ಚಿತ್ರ ಮೊದಲು ಕಣ್ಣಮುಂದಿರುವುದು ಒಳ್ಳೆಯದು. ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ 2018ರಲ್ಲಿ ಪ್ರಕಟಿಸಿದ ಲೇಖನಮಾಲೆಯ ಪ್ರಕಾರ, 2000ದಲ್ಲಿ ಒಟ್ಟು ಹೆರಿಗೆಗಳ ಶೇ. 12ರಷ್ಟಿದ್ದ ಸಿಸೇರಿಯನ್ ಪ್ರಮಾಣ 2015ರ ಹೊತ್ತಿಗೆ ಶೇ. 21ಕ್ಕೆ ಏರಿತ್ತು. ಈ ಏರಿಕೆ ಹೀಗೆಯೇ ಸಾಗಿದರೆ 2030ರಲ್ಲಿ ಅದು ಶೇ. 29ನ್ನು ಮುಟ್ಟಲಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಂದಾಜಿಸಿತು. ಈ ಸರಾಸರಿಯ ಹಿಂದೆ ದೊಡ್ಡ ಅಸಮಾನತೆ ಅಡಗಿದೆ. ಅದೇ ಲೇಖನಮಾಲೆಯಲ್ಲಿ ದಕ್ಷಿಣ ಸುಡಾನ್‌ನ ಪ್ರಮಾಣ ಶೇ. 0.6 ಇದ್ದರೆ ಡೊಮಿನಿಕನ್ ರಿಪಬ್ಲಿಕ್‌ನದು ಶೇ. 58.1 ಇತ್ತು, ಬ್ರೆಜಿಲ್, ಈಜಿಪ್ಟ್, ಟರ್ಕಿಯಂಥ ದೇಶಗಳಲ್ಲಿ ಸಹಜ ಹೆರಿಗೆಗಿಂತ ಶಸ್ತ್ರಚಿಕಿತ್ಸೆಯ ಹೆರಿಗೆಯೇ ಹೆಚ್ಚಾಗಿದೆ. ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ಪ್ರಮಾಣ ಶೇ. 5ರ ಆಸುಪಾಸಿನಲ್ಲಿದ್ದು, ಮಗುವಿನ ತಲೆ ಕಟಿಯಲ್ಲಿ ಸಿಕ್ಕಿಕೊಂಡು ದಿನಗಟ್ಟಲೆ ನೋವು ತಿಂದ ತಾಯಂದಿರು ಸಾಯುತ್ತಾರೆ. ಬದುಕಿದರೂ ಮೂತ್ರಕೋಶಕ್ಕೂ ಜನನಮಾರ್ಗಕ್ಕೂ ನಡುವೆ ರಂಧ್ರವಾಗಿ ಮೂತ್ರ ಸದಾ ಸೋರುವ ಫಿಸ್ಟುಲಾ ಎಂಬ ಗಾಯವನ್ನು ಹೊತ್ತು ಬಾಳುತ್ತಾರೆ. ಅಲ್ಲಿ ಆಪರೇಷನ್ ಸಿಕ್ಕರೂ ಅಪಾಯ ತಪ್ಪಿತೆಂದಲ್ಲ: ಆಫ್ರಿಕಾದ 22 ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಿಸೇರಿಯನ್ ಆದ ಪ್ರತಿ ಸಾವಿರ ತಾಯಂದಿರಲ್ಲಿ ಐವರಿಗಿಂತ ಹೆಚ್ಚು ಮಂದಿ ಸತ್ತಿದ್ದರು, ಇದು ಶ್ರೀಮಂತ ದೇಶಗಳಿಗಿಂತ ಸುಮಾರು 50 ಪಟ್ಟು ಹೆಚ್ಚು. ಬೇಕಾದವರಿಗೆ ಸಿಗದಿರುವುದು, ಬೇಡವಾದವರಿಗೆ ಆಗುವುದು ಎಂಬ ಎರಡು ಅನ್ಯಾಯಗಳು ಒಂದೇ ಕಾಲದಲ್ಲಿ, ಎಷ್ಟೋ ಸಲ ಒಂದೇ ದೇಶದೊಳಗೇ ನಡೆಯುತ್ತಿವೆ.

ಭಾರತ ಅಂಥ ದೇಶಗಳಲ್ಲಿ ಒಂದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೂರನೆಯ ಸುತ್ತಿನಲ್ಲಿ ಶೇ. 8.5ರಷ್ಟಿದ್ದ ಸಿಸೇರಿಯನ್ ಪ್ರಮಾಣ, 2019–21ರ ಐದನೆಯ ಸುತ್ತಿನ ಹೊತ್ತಿಗೆ ಶೇ. 21.5 ಆಗಿತ್ತು. ಈ ಐದನೆಯ ಸುತ್ತಿನಲ್ಲಿ ಬಿಹಾರದ ಪ್ರಮಾಣ ಶೇ. 10ನ್ನು ಮುಟ್ಟದಿದ್ದರೆ ತೆಲಂಗಾಣದ್ದು ಶೇ. 60.7, ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ. 14.3 ಇದ್ದ ಪ್ರಮಾಣ ಖಾಸಗಿ ಆಸ್ಪತ್ರೆಗಳಲ್ಲಿ ಶೇ. 47.4 ಇತ್ತು. ಕರ್ನಾಟಕದ ಪ್ರಮಾಣ ನಾಲ್ಕನೆಯ ಸುತ್ತಿನ ಶೇ. 23.6ರಿಂದ ಐದನೆಯ ಸುತ್ತಿನಲ್ಲಿ ಶೇ. 31.5ಕ್ಕೆ ಏರಿತು. ಹೆಚ್ಚು ಸಿಸೇರಿಯನ್ ಎಂದರೆ ಹೆಚ್ಚು ಸುರಕ್ಷತೆ ಎಂಬ ಲೆಕ್ಕವೇ ಸರಿಯಿದ್ದರೆ ದಕ್ಷಿಣದ ರಾಜ್ಯಗಳಲ್ಲಿ ತೆಲಂಗಾಣವೇ ತಾಯಂದಿರಿಗೆ ಅತಿ ಸುರಕ್ಷಿತ ರಾಜ್ಯವಾಗಿರಬೇಕಿತ್ತು. ಆದರೆ 2018–20ರ ಮಾದರಿ ನೋಂದಣಿ ಅಂಕಿ ಅಂಶಗಳ ಪ್ರಕಾರ, ಪ್ರತಿ ಲಕ್ಷ ಜೀವಂತ ಜನನಗಳಿಗೆ ಸಾಯುವ ತಾಯಂದಿರ ಸಂಖ್ಯೆ ಕೇರಳದಲ್ಲಿ 19, ತೆಲಂಗಾಣದಲ್ಲಿ 43, ಕರ್ನಾಟಕದಲ್ಲಿ 69 ಇತ್ತು. ಆ ಅವಧಿಯಲ್ಲಿ ದಕ್ಷಿಣದ ಐದು ರಾಜ್ಯಗಳ ಪೈಕಿ ಅತಿ ಹೆಚ್ಚಿನದು ಕರ್ನಾಟಕದ್ದೇ. ಸುಮಾರು ಮೂರರಲ್ಲೊಂದು ಹೆರಿಗೆ ಶಸ್ತ್ರಚಿಕಿತ್ಸೆಯಿಂದ ಆಗುತ್ತಿದ್ದರೂ ನೆರೆಹೊರೆಯ ರಾಜ್ಯಗಳಿಗಿಂತ ಹೆಚ್ಚು ತಾಯಂದಿರು ಇಲ್ಲಿ ಸಾಯುತ್ತಿದ್ದರೆಂದರೆ, ತಾಯಂದಿರನ್ನು ಉಳಿಸುವ ಕೆಲಸ ಆಪರೇಷನ್ ಥಿಯೇಟರಿನಲ್ಲಿ ಮಾತ್ರ ಮುಗಿಯುವುದಿಲ್ಲ ಎಂದೇ ಅರ್ಥ. ರಕ್ತಹೀನತೆಯ ಚಿಕಿತ್ಸೆ, ರಕ್ತದೊತ್ತಡದ ತಪಾಸಣೆ, ರಕ್ತನಿಧಿ, ಸಕಾಲದ ಸಾಗಣೆ, ಹೆರಿಗೆಯ ನಂತರದ ಮೊದಲ ಗಂಟೆಗಳ ನಿಗಾ, ಔಷಧಗಳ ಗುಣಮಟ್ಟ ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತು, ರಕ್ತನಾಳಕ್ಕೆ ಏರಿಸುವ ದ್ರಾವಣದ ಗುಣಮಟ್ಟವೇ ಪ್ರಶ್ನೆಗೆ ಒಳಗಾದದ್ದು, ಈ ಕ್ರಿಯೆ ತನ್ನ ಸುತ್ತಲಿನ ವ್ಯವಸ್ಥೆಯಷ್ಟೇ ಸುರಕ್ಷಿತ ಎಂಬುದನ್ನು ಇಡೀ ರಾಜ್ಯಕ್ಕೆ ನೋವಿನಿಂದ ಕಲಿಸಿತು.

ಹಾಗಾದರೆ ಎಷ್ಟು ಸಿಸೇರಿಯನ್ ಸರಿ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. 1985ರಲ್ಲಿ ಬ್ರೆಜಿಲ್‌ನ ಫೋರ್ಟಲೆಜಾ ನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಸಭೆಯು, ಯಾವ ಪ್ರದೇಶದಲ್ಲೂ ಈ ಪ್ರಮಾಣ ಶೇ. 10ರಿಂದ 15ನ್ನು ಮೀರಲು ಸಮರ್ಥನೆಯಿಲ್ಲ ಎಂದು ಹೇಳಿತ್ತು. ಆ ಸಂಖ್ಯೆ ಮುಂದಿನ 30 ವರ್ಷ ಎಲ್ಲೆಡೆ ಉದ್ಧೃತವಾಯಿತು. 2015ರಲ್ಲಿ ಅದೇ ಸಂಸ್ಥೆ ತನ್ನ ನಿಲುವನ್ನು ತಿದ್ದಿಕೊಂಡು, ಜನಸಮುದಾಯದ ಮಟ್ಟದಲ್ಲಿ ಪ್ರಮಾಣ ಶೇ. 10ರವರೆಗೆ ಏರಿದಂತೆ ತಾಯಿ ಮತ್ತು ಶಿಶುಗಳ ಸಾವು ಇಳಿಯುತ್ತದೆ, ಅದರಾಚೆಗಿನ ಏರಿಕೆಗೂ ಸಾವಿನ ಇಳಿಕೆಗೂ ಸಂಬಂಧ ಕಾಣುವುದಿಲ್ಲ, ಆದರೆ ಯಾವುದೋ ಒಂದು ಸಂಖ್ಯೆಯನ್ನು ಬೆನ್ನಟ್ಟುವ ಬದಲು ಅಗತ್ಯವಿರುವ ಪ್ರತಿ ಮಹಿಳೆಗೂ ಶಸ್ತ್ರಚಿಕಿತ್ಸೆ ಸಿಗುವಂತೆ ನೋಡಿಕೊಳ್ಳಬೇಕು ಎಂದು ಸ್ಪಷ್ಟಪಡಿಸಿತು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ ಈ ಗೆರೆಯನ್ನು ಶೇ. 19ರ ಹತ್ತಿರಕ್ಕೆ ಎಳೆಯಿತು. ಗೆರೆ ಎಲ್ಲಿ ಬೀಳುತ್ತದೆ ಎಂಬ ಚರ್ಚೆ ಏನೇ ಇರಲಿ, ಇಡೀ ಜನಸಮುದಾಯದ ಸರಾಸರಿಯನ್ನು ಒಬ್ಬ ತಾಯಿಯ ಹಾಸಿಗೆಯ ಪಕ್ಕದಲ್ಲಿ ನಿಯಮದಂತೆ ಹೇರುವುದು ತಪ್ಪು.

ಆ ತಪ್ಪಿನ ಬೆಲೆ ಎಷ್ಟೆಂಬುದನ್ನು ಇಂಗ್ಲೆಂಡ್ ಕಂಡಿದೆ. ಶ್ರೂಸ್‌ಬರಿ ಮತ್ತು ಟೆಲ್ಫರ್ಡ್ ಆಸ್ಪತ್ರೆಗಳ ಹೆರಿಗೆ ಸೇವೆಯ ಬಗ್ಗೆ ಡೊನಾ ಆಕೆಂಡೆನ್ ನೇತೃತ್ವದಲ್ಲಿ ನಡೆದ ಸ್ವತಂತ್ರ ಪರಿಶೀಲನೆಯ ಅಂತಿಮ ವರದಿ 2022ರ ಮಾರ್ಚ್‌ನಲ್ಲಿ ಹೊರಬಂದಾಗ, ಸಿಸೇರಿಯನ್ ಪ್ರಮಾಣವನ್ನು ಕೆಳಗಿಡುವುದೇ ಹೆಮ್ಮೆಯ ವಿಷಯವೆಂಬ ವಾತಾವರಣ ಕೆಲವು ತಾಯಂದಿರಿಗೂ ಶಿಶುಗಳಿಗೂ ಹಾನಿ ತಂದಿದ್ದು ಬಯಲಾಯಿತು. ಆ ವೇಳೆಗಾಗಲೇ ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯು, ಒಟ್ಟು ಸಿಸೇರಿಯನ್ ಪ್ರಮಾಣದಿಂದ ಆಸ್ಪತ್ರೆಗಳನ್ನು ಅಳೆಯುವುದನ್ನು ಕೈಬಿಟ್ಟು ಗುಂಪುವಾರು ವಿಂಗಡಣೆಯನ್ನು ಬಳಸಬೇಕೆಂದು ಸೂಚಿಸಿತ್ತು. ಆದ್ದರಿಂದ ಈ ಪತ್ರ ಪ್ರಮಾಣವನ್ನು ಇಂತಿಷ್ಟಕ್ಕೆ ಇಳಿಸಿ ಎಂದು ಕೇಳುತ್ತಿಲ್ಲ. ಮಾಸು ಗರ್ಭಕೊರಳನ್ನು ಮುಚ್ಚಿ ಕುಳಿತಿರುವಾಗ, ಮಗು ಅಡ್ಡ ಮಲಗಿರುವಾಗ, ಹೊಕ್ಕುಳಬಳ್ಳಿ ಮಗುವಿಗಿಂತ ಮೊದಲೇ ಜಾರಿ ಹೊರಬಂದಾಗ, ಹೆರಿಗೆ ನಿಜವಾಗಿಯೂ ತಡೆಗೊಂಡಾಗ ತಡಮಾಡದೆ ಶಸ್ತ್ರ ಹಿಡಿಯುವ ಕೈಗಳಿಗೆ ಸಮಾಜ ಎಂದೂ ಋಣಿಯಾಗಿರಬೇಕು.

ವಿವೇಚನೆಗೆ ನಿಜವಾದ ಜಾಗವಿರುವುದು ಬೇರೊಂದು ಕಡೆ: ಮೊದಲ ಬಸಿರು, ಒಂದೇ ಮಗು, ತಲೆ ಕೆಳಗೆ, ದಿನ ತುಂಬಿದೆ, ಬೇರೆ ತೊಡಕಿಲ್ಲ ಎಂಬಂಥ ಹೆರಿಗೆಯಲ್ಲಿ. ಈ ಗುಂಪಿನ ತಾಯಿಗೆ ಆಗುವ ಮೊದಲ ಸಿಸೇರಿಯನ್ ಅವಳ ಮುಂದಿನ ಎಲ್ಲ ಬಸಿರುಗಳ ದಿಕ್ಕನ್ನೂ ಬಹುಮಟ್ಟಿಗೆ ನಿರ್ಧರಿಸಿಬಿಡುತ್ತದೆ. ಒಮ್ಮೆ ಸಿಸೇರಿಯನ್ ಆದರೆ ಎಂದೆಂದಿಗೂ ಸಿಸೇರಿಯನ್ನೇ ಎಂಬ ಮಾತನ್ನು ನ್ಯೂಯಾರ್ಕಿನ ವೈದ್ಯ ಎಡ್ವಿನ್ ಕ್ರೇಗಿನ್ 1916ರಲ್ಲಿ ಹೇಳಿದ್ದು, ಗರ್ಭಕೋಶವನ್ನು ಮೇಲಿನಿಂದ ಕೆಳಕ್ಕೆ ಉದ್ದುದ್ದ ಕೊಯ್ಯುತ್ತಿದ್ದ ಕಾಲದಲ್ಲಿ. ಈಗ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡವಾಗಿ ಕೊಯ್ಯುವುದರಿಂದ, ಅಂಥ ಒಂದೇ ಹೊಲಿಗೆಯಿರುವ ತಾಯಿ ಎರಡನೆಯ ಸಲ ಸಹಜ ಹೆರಿಗೆಗೆ ಪ್ರಯತ್ನಿಸಿದರೆ ಹತ್ತರಲ್ಲಿ ಆರರಿಂದ ಎಂಟು ಮಂದಿಗೆ ಅದು ಸಾಧ್ಯವಾಗುತ್ತದೆ. ಹೊಲಿಗೆ ಬಿರಿಯುವ ಅಪಾಯ ಶೇ. 1ಕ್ಕಿಂತ ಕಡಿಮೆ. ಆದರೂ ಆ ಸಣ್ಣ ಅಪಾಯ ಎದುರಾದರೆ ನಿಮಿಷಗಳಲ್ಲಿ ಆಪರೇಷನ್ ಮಾಡಬಲ್ಲ ತಂಡ, ಅರಿವಳಿಕೆ ತಜ್ಞರು ಮತ್ತು ರಕ್ತ ಸಿದ್ಧವಿರಬೇಕಾದ್ದರಿಂದ ಅನೇಕ ಆಸ್ಪತ್ರೆಗಳು ಪ್ರಯತ್ನಕ್ಕೇ ಒಪ್ಪುವುದಿಲ್ಲ. ಹೀಗೆ ಸೌಲಭ್ಯದ ಕೊರತೆಯಿಂದಾಗಿ ಹಳೆಯ ನಿಯಮ ಇಂದಿಗೂ ಬದುಕಿದೆ, ಮತ್ತು ಮೊದಲ ತೀರ್ಮಾನದ ಭಾರ ಇನ್ನಷ್ಟು ಹೆಚ್ಚಿದೆ.

ಆ ಭಾರ ಎಂಥದೆಂಬುದನ್ನು ಒಂದೇ ತೊಡಕಿನ ಮೂಲಕ ಕಾಣಬಹುದು. ಮಾಸು ಎಂದರೆ ತಾಯಿಯ ರಕ್ತದಿಂದ ಮಗುವಿಗೆ ಪೋಷಣೆ ಒದಗಿಸುವ, ಹೆರಿಗೆಯಾದ ಮೇಲೆ ತಾನಾಗಿ ಬಿಡಿಸಿಕೊಂಡು ಹೊರಬೀಳುವ ಅಂಗ. ಹಿಂದಿನ ಕೊಯ್ತದ ಕಲೆಯ ಮೇಲೆ ಅದು ಬೇರೂರಿದರೆ ಗರ್ಭಕೋಶದ ಗೋಡೆಯೊಳಕ್ಕೇ ಇಳಿಯುತ್ತದೆ. ಕೆಲವೊಮ್ಮೆ ಗೋಡೆಯನ್ನು ದಾಟಿ ಪಕ್ಕದ ಮೂತ್ರಕೋಶವನ್ನೂ ಹಿಡಿಯುತ್ತದೆ. ಬಿಡಿಸಲು ಹೋದರೆ ನೆತ್ತರು ಕಟ್ಟೆಯೊಡೆದಂತೆ ಹರಿಯುವುದರಿಂದ, ಬಹಳ ಸಲ ಗರ್ಭಕೋಶವನ್ನೇ ತೆಗೆದು ತಾಯಿಯ ಪ್ರಾಣ ಉಳಿಸಬೇಕಾಗುತ್ತದೆ. ಅಮೆರಿಕದ 19 ಕೇಂದ್ರಗಳಲ್ಲಿ 30,000ಕ್ಕೂ ಹೆಚ್ಚು ಸಿಸೇರಿಯನ್‌ಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮಾಸು ಕೆಳಗೆ ಕುಳಿತಿರುವ ತಾಯಂದಿರಲ್ಲಿ ಅದು ಹೀಗೆ ಅಂಟಿಕೊಳ್ಳುವ ಸಂಭವ ಮೊದಲ ಸಿಸೇರಿಯನ್‌ನಲ್ಲಿ ಶೇ. 3 ಇದ್ದದ್ದು ಎರಡನೆಯದರಲ್ಲಿ ಶೇ. 11ಕ್ಕೆ, ಮೂರನೆಯದರಲ್ಲಿ ಶೇ. 40ಕ್ಕೆ ಏರುತ್ತದೆ. ಮೊದಲ ಹೆರಿಗೆಯ ದಿನ ತಾಯಿ ಮಗು ಇಬ್ಬರೂ ಕ್ಷೇಮ ಎಂದು ಮನೆಯವರು ನಿಟ್ಟುಸಿರುಬಿಡುವಾಗ ಈ ಲೆಕ್ಕ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಚುಕ್ತಾ ಆಗುವುದು ವರ್ಷಗಳ ನಂತರ, ಬಹುಶಃ ಬೇರೊಂದು ಊರಿನ ಬೇರೊಬ್ಬ ವೈದ್ಯರ ಕೈಯಲ್ಲಿ.

ಇಷ್ಟು ದೂರದ ಪರಿಣಾಮವುಳ್ಳ ತೀರ್ಮಾನ ಹೆರಿಗೆ ಕೊಠಡಿಯಲ್ಲಿ ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ತಮಗೆ ವಿವರಿಸಬೇಕಿಲ್ಲ; ಆದರೆ ಪತ್ರ ಬಹಿರಂಗವಾದ್ದರಿಂದ ಓದುಗರಿಗೆ ಅದು ತಿಳಿಯಬೇಕು. ಹೆರಿಗೆ ನೋವು ಬಂದ ಮೇಲೆ ಗರ್ಭಕೊರಳು ನಿಧಾನವಾಗಿ ಅಗಲವಾಗುತ್ತ 10 ಸೆಂಟಿಮೀಟರ್ ತೆರೆದುಕೊಳ್ಳಬೇಕು. ಎಮಾನ್ಯುಯಲ್ ಫ್ರೀಡ್‌ಮನ್ 1955ರಲ್ಲಿ 500 ಚೊಚ್ಚಲ ಹೆರಿಗೆಗಳನ್ನು ಅಳೆದು ಬರೆದ ರೇಖೆಯಿಂದ ಬೆಳೆದು ಬಂದ ರೂಢಿಯಂತೆ, 3–4 ಸೆಂಟಿಮೀಟರ್ ದಾಟಿದ ಮೇಲೆ ಗಂಟೆಗೆ ಒಂದು ಸೆಂಟಿಮೀಟರಿನಂತೆ ತೆರೆದುಕೊಳ್ಳದ ಹೆರಿಗೆಯನ್ನು ‘ಮುಂದುವರಿಯುತ್ತಿಲ್ಲ’ ಎಂದು ಬರೆಯುವುದು ದಶಕಗಳ ಕಾಲ ನಡೆಯಿತು. ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ಶಿಫಾರಸುಗಳಲ್ಲಿ, ಹೆರಿಗೆಯ ಚುರುಕಿನ ಹಂತ 5 ಸೆಂಟಿಮೀಟರಿನಿಂದ ಎಂದು ಎಣಿಸಬೇಕು, ಚೊಚ್ಚಲ ಹೆರಿಗೆಯಲ್ಲಿ ಆ ಹಂತವೊಂದೇ 12 ಗಂಟೆಯವರೆಗೂ ನಡೆಯಬಹುದು, ತಾಯಿ ಮಗು ಚೆನ್ನಾಗಿದ್ದರೆ ಗಂಟೆಗೊಂದು ಸೆಂಟಿಮೀಟರ್ ಎಂಬ ಗತಿಯೊಂದನ್ನೇ ನೆಪವಾಗಿಸಿ ಕೈಹಾಕಬಾರದು ಎಂದು ಹೇಳಿತು. ರಾತ್ರಿ 4 ಸೆಂಟಿಮೀಟರ್ ಇದ್ದ ಗರ್ಭಕೊರಳು ಬೆಳಗಿನ ಜಾವವೂ 4 ಅಥವಾ 5ರಲ್ಲೇ ಇದ್ದರೆ, ಹಳೆಯ ಅಳತೆಗೆ ಅದು ಆಪರೇಷನ್ನಿಗೆ ಕಾರಣ; ಹೊಸ ಅಳತೆಗೆ ಆ ತಾಯಿಯ ನಿಜವಾದ ಹೆರಿಗೆ ಆಗಷ್ಟೇ ಶುರುವಾಗುತ್ತಿದೆ.

ಮಗುವಿನ ಎದೆಬಡಿತವನ್ನು ಕಾಗದದ ಮೇಲೆ ಸತತವಾಗಿ ಬರೆಯುವ ಸಿಟಿಜಿ ಯಂತ್ರದ ವಿಷಯವೂ ಹೀಗೆಯೇ. ತೊಡಕಿಲ್ಲದ ಹೆರಿಗೆಯಲ್ಲಿ ಅದನ್ನು ನಿರಂತರವಾಗಿ ಕಟ್ಟಿಟ್ಟರೆ ಸಿಸೇರಿಯನ್ ಹೆಚ್ಚುತ್ತದೆ. ನವಜಾತ ಶಿಶುವಿನ ಫಿಟ್ಸ್ ಕಡಿಮೆಯಾಗುವುದು ನಿಜ, ಆದರೆ ಶಿಶುಮರಣವಾಗಲಿ ಸೆರೆಬ್ರಲ್ ಪಾಲ್ಸಿಯಾಗಲಿ ಇಳಿಯುವುದಿಲ್ಲ ಎಂದು ಕಾಕ್ರೇನ್ ಪರಾಮರ್ಶೆ ತೋರಿಸಿದೆ. ‘ನೀರು ಕಡಿಮೆಯಾಗಿದೆ’, ‘ಬಳ್ಳಿ ಕತ್ತಿಗೆ ಸುತ್ತಿಕೊಂಡಿದೆ’ ಎಂಬ ಎರಡು ಮಾತು ಕೇಳಿದೊಡನೆ ಮನೆಯವರ ಕೈಕಾಲು ತಣ್ಣಗಾಗಿ ಒಪ್ಪಿಗೆ ಪತ್ರಕ್ಕೆ ಸಹಿ ಬೀಳುತ್ತದೆ. ಆದರೆ ಬಳ್ಳಿ ಕತ್ತಿಗೆ ಸುತ್ತಿರುವುದು ಸಹಜವಾಗಿ ಹುಟ್ಟಿ ಆರೋಗ್ಯವಾಗಿರುವ ಮಕ್ಕಳಲ್ಲೂ ಪದೇ ಪದೇ ಕಾಣುವ ಸಂಗತಿ. ಅದೊಂದೇ ಆಪರೇಷನ್ನಿಗೆ ಕಾರಣವಾಗುವುದಿಲ್ಲ.

ಇದರ ಹೊಣೆಯನ್ನೆಲ್ಲ ವೈದ್ಯರ ಹಣದಾಸೆಯ ತಲೆಗೆ ಕಟ್ಟುವ ಮಾತು ಊರೂರಲ್ಲಿ ಕೇಳಿಬರುತ್ತದೆ; ಅದು ಪೂರ್ಣ ಸತ್ಯವಲ್ಲ, ನ್ಯಾಯವೂ ಅಲ್ಲ. ಒಬ್ಬರೇ ತಜ್ಞರಿರುವ ಸಣ್ಣ ನರ್ಸಿಂಗ್ ಹೋಮಿನಲ್ಲಿ, ಕರೆದಾಗ ಬರುವ ಅರಿವಳಿಕೆ ತಜ್ಞರನ್ನು ನಂಬಿಕೊಂಡು, ಹಗಲೆಲ್ಲ ಹೊರರೋಗಿಗಳನ್ನು ನೋಡಿ ರಾತ್ರಿ 14 ಗಂಟೆಯ ಹೆರಿಗೆಗೆ ಒಬ್ಬರೇ ಕಾಯುವುದು ಮನುಷ್ಯಮಾತ್ರರಿಗೆ ಕಷ್ಟ. ಆಪರೇಷನ್ ಮಾಡಿ ತೊಡಕಾದರೆ ಪ್ರಯತ್ನಪಟ್ಟರೆನ್ನುವ ಸಮಾಜ, ಕಾದು ತೊಡಕಾದರೆ ನಿರ್ಲಕ್ಷ್ಯವೆಂದು ಗ್ರಾಹಕ ನ್ಯಾಯಾಲಯಕ್ಕೆ ಎಳೆಯುತ್ತದೆ, ಕೆಲವೊಮ್ಮೆ ಆಸ್ಪತ್ರೆಯ ಗಾಜು ಒಡೆಯುತ್ತದೆ. ಪಂಚಾಂಗ ನೋಡಿ ಮುಹೂರ್ತಕ್ಕೆ ಸರಿಯಾಗಿ ಮಗು ಹೊರಬರಲಿ ಎಂದು ಒತ್ತಾಯಿಸುವ ಕುಟುಂಬಗಳೂ ಉಂಟು. ಅಂಥ ತಾರೀಖು 39 ವಾರ ತುಂಬುವ ಮೊದಲೇ ಬಿದ್ದರೆ ಬಲಿಯದ ಶ್ವಾಸಕೋಶದ ಮಗು ಏದುಸಿರಿನಿಂದ ನವಜಾತ ಶಿಶುಗಳ ತೀವ್ರ ನಿಗಾ ಘಟಕ (ಎನ್‌ಐಸಿಯು) ಸೇರುವ ಅಪಾಯ ಹೆಚ್ಚುತ್ತದೆ ಎಂಬುದನ್ನು ಅವರಿಗೆ ಖಡಾಖಂಡಿತವಾಗಿ ಹೇಳಬೇಕಾಗಿದೆ. ಇನ್ನು ಕೆಲವು ತಾಯಂದಿರು ತಾವಾಗಿಯೇ ಸಿಸೇರಿಯನ್ ಬೇಡುತ್ತಾರೆ. ಆ ಬೇಡಿಕೆಗೆ ಗೌರವ ಸಲ್ಲಬೇಕು. ಆದರೆ ನೋವು ಕಡಿಮೆ ಮಾಡುವ ಎಪಿಡ್ಯೂರಲ್ ಚುಚ್ಚುಮದ್ದು ಬಹುಪಾಲು ಕಡೆ ಸಿಗದ, ಜೊತೆಗೆ ಯಾರನ್ನೂ ಬಿಡದ, ಕೂಗಿದರೆ ಗದರುವ ಹೆರಿಗೆ ಕೊಠಡಿಗೆ ಹೆದರಿ ಮಾಡಿದ ಆಯ್ಕೆಯನ್ನು ಸ್ವತಂತ್ರ ಆಯ್ಕೆ ಎನ್ನುವುದು ಕಷ್ಟ.

ಬದಲಾವಣೆ ಸಾಧ್ಯವೆಂಬುದಕ್ಕೆ ಪುರಾವೆಗಳಿವೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಆಸ್ಪತ್ರೆಗಳು ಒಟ್ಟಾಗಿ ಚೊಚ್ಚಲ, ದಿನತುಂಬಿದ, ತಲೆ ಕೆಳಗಿರುವ ಒಂಟಿ ಮಗುವಿನ ಹೆರಿಗೆಯ ಮೇಲೆಯೇ ಗಮನವಿಟ್ಟು, ಪ್ರತಿ ಆಸ್ಪತ್ರೆಗೂ ಅದರದೇ ಅಂಕಿಗಳನ್ನು ತೋರಿಸುತ್ತ ಕೆಲಸ ಮಾಡಿದಾಗ, ಆ ಗುಂಪಿನ ಸಿಸೇರಿಯನ್ ಪ್ರಮಾಣ 2014ರ ಶೇ. 26ರಿಂದ 2019ರಲ್ಲಿ ಶೇ. 22.8ಕ್ಕೆ ಇಳಿಯಿತು, ಶಿಶುಗಳಿಗೆ ಅದರಿಂದ ಕೇಡಾದದ್ದು ಕಾಣಲಿಲ್ಲ. ಹೆರಿಗೆಯುದ್ದಕ್ಕೂ ತಾಯಿಯ ಪಕ್ಕದಲ್ಲಿ ಒಬ್ಬರು ಆಸರೆಯಾಗಿದ್ದರೆ ಸಹಜ ಹೆರಿಗೆ ಹೆಚ್ಚುತ್ತದೆ, ಸಿಸೇರಿಯನ್ ಇಳಿಯುತ್ತದೆ ಎಂಬುದಕ್ಕೆ ಅನೇಕ ದೇಶಗಳ ಪ್ರಯೋಗಗಳ ಆಧಾರವಿದೆ. ಕೇಂದ್ರ ಸರ್ಕಾರದ 2017ರ ‘ಲಕ್ಷ್ಯ’ ಕಾರ್ಯಕ್ರಮವೂ ಹೆರಿಗೆ ಸಂಗಾತಿಗೆ ಅವಕಾಶ ಕೊಡಬೇಕೆನ್ನುತ್ತದೆ. ಕಾಯುವ ಕೆಲಸವನ್ನೇ ವೃತ್ತಿಯಾಗಿಸಿಕೊಂಡ ತರಬೇತಾದ ಮಿಡ್‌ವೈಫ್‌ಗಳಿಗಾಗಿ 2018ರಲ್ಲಿ ರಾಷ್ಟ್ರೀಯ ಮಾರ್ಗಸೂಚಿಯೂ ಬಂದಿದೆ. ತಜ್ಞರ ಹೆಗಲ ಮೇಲಿನ ರಾತ್ರಿಯ ಭಾರವನ್ನು ಹಂಚಿಕೊಳ್ಳಬಲ್ಲವರು ಇವರೇ.

ಇನ್ನು ಎಣಿಕೆಯ ವಿಷಯ. ಸಹಜ ಹೆರಿಗೆಗೂ ಸಿಸೇರಿಯನ್‌ಗೂ ಇರುವ ಅನುಪಾತವನ್ನು ಗೋಡೆಯ ಮೇಲೆ ಬರೆಯಿರಿ ಎಂಬ ಸೂಚನೆಗಳು ಹಿಂದೆಯೂ ಬಂದಿವೆ. ಆದರೆ ಸುತ್ತಲಿನಿಂದ ತೊಡಕಿನ ಬಸುರಿಯರೇ ಬಂದು ಸೇರುವ ಬೆಂಗಳೂರಿನ ವಾಣಿ ವಿಲಾಸದಂಥ ಆಸ್ಪತ್ರೆಯನ್ನೂ, ಆರೋಗ್ಯವಂತ ಯುವತಿಯರಷ್ಟೇ ಬರುವ ಬಡಾವಣೆಯ ಆಸ್ಪತ್ರೆಯನ್ನೂ ಒಂದೇ ಅನುಪಾತದಿಂದ ತೂಗುವುದು ಅನ್ಯಾಯ; ಹಾಗೆ ತೂಗಿದರೆ ಕಷ್ಟದ ಪ್ರಕರಣಗಳನ್ನು ಬೇರೆಡೆಗೆ ಸಾಗಹಾಕುವ ಆಸೆ ಹುಟ್ಟುತ್ತದೆ. ಐರ್ಲೆಂಡಿನ ಪ್ರಸೂತಿ ತಜ್ಞ ಮೈಕೆಲ್ ರಾಬ್ಸನ್ 2001ರಲ್ಲಿ ಮುಂದಿಟ್ಟ, 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಂಗೀಕರಿಸಿದ ವರ್ಗೀಕರಣ ಈ ತೊಡಕನ್ನು ಬಿಡಿಸುತ್ತದೆ. ಮೊದಲ ಹೆರಿಗೆಯೇ ಅಲ್ಲವೇ, ಹಿಂದೆ ಸಿಸೇರಿಯನ್ ಆಗಿದೆಯೇ, ಮಗು ಒಂದೇ ಎರಡೇ, ತಲೆ ಕೆಳಗಿದೆಯೇ ಬುಡ ಕೆಳಗಿದೆಯೇ ಅಡ್ಡವಿದೆಯೇ, 37 ವಾರ ತುಂಬಿದೆಯೇ, ನೋವು ತಾನಾಗಿ ಬಂತೇ ಔಷಧದಿಂದ ಬರಿಸಿದ್ದೇ ಎಂಬ ಆರು ಪ್ರಶ್ನೆಗಳಿಂದ ಪ್ರತಿ ತಾಯಿಯೂ ಹತ್ತು ಗುಂಪುಗಳಲ್ಲಿ ಒಂದಕ್ಕೆ ಸೇರುತ್ತಾಳೆ. ಈ ಆರೂ ಉತ್ತರಗಳು ಇಂದಿಗೂ ಪ್ರತಿ ಕೇಸ್ ಶೀಟಿನಲ್ಲಿ ಇದ್ದೇ ಇರುತ್ತವೆ. ಬೇಕಾಗಿರುವುದು ಅವನ್ನು ತಿಂಗಳಿಗೊಮ್ಮೆ ಕೂಡಿಸಿ ಬರೆಯುವ ಒಂದು ಪುಟ ಮಾತ್ರ. ತಾನಾಗಿ ನೋವು ಬಂದ ಚೊಚ್ಚಲ ತಾಯಂದಿರ ಮೊದಲ ಗುಂಪಿನಲ್ಲೂ, ನೋವು ಬರಿಸಿದ ಅಥವಾ ನೋವಿಗೆ ಮೊದಲೇ ಆಪರೇಷನ್ ಆದ ಎರಡನೆಯ ಗುಂಪಿನಲ್ಲೂ ಒಂದು ಆಸ್ಪತ್ರೆಯ ಅಂಕಿ ನೆರೆಯ ಆಸ್ಪತ್ರೆಗಿಂತ ಬಹಳ ಮೇಲಿದ್ದರೆ, ಪ್ರಶ್ನೆ ಎಲ್ಲಿ ಕೇಳಬೇಕೆಂಬುದು ಸ್ಪಷ್ಟವಾಗುತ್ತದೆ.

ಆದ್ದರಿಂದ ತಮ್ಮ ಸಮುದಾಯದ ಮುಂದೆ ಈ ಕೆಲಸಗಳನ್ನು ಇಡಲಾಗಿದೆ. ಸರ್ಕಾರದ ಆದೇಶಕ್ಕೆ ಕಾಯದೆ, ತಮ್ಮ ವೃತ್ತಿ ಸಂಘಗಳೇ ಮುಂದಾಗಿ ಸರ್ಕಾರಿ ಹಾಗೂ ಖಾಸಗಿ ಆಸ್ಪತ್ರೆಗಳೆರಡರಲ್ಲೂ ರಾಬ್ಸನ್ ಗುಂಪುವಾರು ಅಂಕಿಗಳನ್ನು, ತಾಯಿ ಮತ್ತು ಶಿಶುಗಳ ಸ್ಥಿತಿಗತಿಯ ಅಂಕಿಗಳ ಜೊತೆಗೇ, ವರ್ಷಕ್ಕೊಮ್ಮೆ ಕನ್ನಡದಲ್ಲಿ ಪ್ರಕಟಿಸಬೇಕು. ತಾಯಂದಿರ ಹೆಸರು ಎಲ್ಲೂ ಬರಬೇಕಿಲ್ಲ. ಚೊಚ್ಚಲ ತಾಯಿಗೆ ತುರ್ತಿಲ್ಲದ ಸಿಸೇರಿಯನ್ ನಿರ್ಧರಿಸುವ ಮುನ್ನ, ಫೋನಿನಲ್ಲಾದರೂ ಸರಿ, ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವ ರೂಢಿ ಬೆಳೆಯಬೇಕು. ಒಪ್ಪಿಗೆ ಪತ್ರದ ಮಾತು ಹೆರಿಗೆ ನೋವಿನ ನಡುವೆ ಮೊದಲ ಬಾರಿಗೆ ಕಿವಿಗೆ ಬೀಳದೆ, ಏಳು–ಎಂಟನೆಯ ತಿಂಗಳ ತಪಾಸಣೆಯಲ್ಲೇ, ಮುಂದಿನ ಬಸಿರಿನ ಅಪಾಯವನ್ನೂ ಒಳಗೊಂಡು, ತಾಯಿಗೆ ತಿಳಿಯುವ ಭಾಷೆಯಲ್ಲಿ ನಡೆಯಬೇಕು. ಸರ್ಕಾರದ ಪಾಲಿನ ಕೆಲಸವೂ ಚಿಕ್ಕದಲ್ಲ: ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಹಗಲಿರುಳೂ ಅರಿವಳಿಕೆ ತಜ್ಞರು ಮತ್ತು ರಕ್ತ ಸಿಗುವಂತೆ ಮಾಡುವುದು, ಮಿಡ್‌ವೈಫ್ ಹುದ್ದೆಗಳನ್ನು ತುಂಬುವುದು, ನಿಯಮ ಪಾಲಿಸಿ ಕಾದ ವೈದ್ಯರಿಗೆ ಕಾನೂನಿನ ರಕ್ಷಣೆ ಒದಗಿಸುವುದು. ಇವುಗಳಿಲ್ಲದೆ ವೈದ್ಯರಿಂದ ತಾಳ್ಮೆಯನ್ನು ಮಾತ್ರ ಬಯಸುವುದು ತರವಲ್ಲ, ಮತ್ತು ಈ ಬೇಡಿಕೆಗಳನ್ನು ಸರ್ಕಾರದ ಮುಂದಿಡುವಾಗ ತಮ್ಮ ಸಂಘಗಳ ಜೊತೆ ನಾಗರಿಕರೂ ನಿಲ್ಲಬೇಕು.

ಅಂಕಿಗಳು ಹೊರಬಂದರೆ ಆರಂಭದಲ್ಲಿ ಟೀಕೆಗಳು ಬರಬಹುದು. ಆದರೆ ಇಂದು ಅಂಕಿಗಳಿಲ್ಲದೆಯೇ ಇಡೀ ವೃತ್ತಿಯ ಮೇಲೆ ಅನುಮಾನ ಬೀಳುತ್ತಿದೆ. ರಾತ್ರಿಯೆಲ್ಲ ಎದ್ದು ಕಾದ ವೈದ್ಯರೂ ಕಾಯದವರೂ ಜನರ ಕಣ್ಣಿನಲ್ಲಿ ಒಂದೇ ಆಗಿದ್ದಾರೆ. ಗುಂಪುವಾರು ಲೆಕ್ಕ ಬೆಳಕಿಗೆ ಬಂದ ದಿನ, ಮಾಡಲೇಬೇಕಾಗಿದ್ದ ಆಪರೇಷನ್ನನ್ನು ಹೊತ್ತಿಗೆ ಸರಿಯಾಗಿ ಮಾಡಿದವರಿಗೂ, ಮಾಡಬೇಕಿಲ್ಲದ್ದನ್ನು ಮಾಡದೆ ಉಳಿದವರಿಗೂ ಸಲ್ಲಬೇಕಾದ ಗೌರವ ಸಲ್ಲುತ್ತದೆ; ತಾಯಂದಿರಿಗೆ ತಮ್ಮ ಹೆರಿಗೆಯನ್ನು ಯಾರ ಕೈಗೆ ಒಪ್ಪಿಸುತ್ತಿದ್ದೇವೆಂಬುದು ತಿಳಿಯುತ್ತದೆ. ಆ ಲೆಕ್ಕ ಬರೆಯುವ ಲೇಖನಿ ತಮ್ಮ ಕೈಯಲ್ಲೇ ಇರುವುದರಿಂದ, ಮೊದಲ ಹೆಜ್ಜೆಯೂ ತಮ್ಮದೇ ಆಗಲಿ ಎಂಬುದು ಈ ಪತ್ರದ ಆಗ್ರಹ.